ಗೆಳೆಯನಿಗೊಂದು ಪತ್ರ: ಅಳಿಸಿಹೋದ ಒಂದು ಕ್ಷೇತ್ರ

ಪ್ರಿಯ ಗೆಳೆಯ,

ವ್ಯಕ್ತಿಯ ಬದಲು ಪಕ್ಷದ ಪಟ್ಟಿಗೆ ಮತ ಹಾಕಿ, ಮತಗಳ ಪ್ರಮಾಣಕ್ಕೆ ತಕ್ಕಂತೆ ಪಕ್ಷಗಳಿಗೆ ಸ್ಥಾನ ಹಂಚುವ ಪದ್ಧತಿಯೇ ಹೆಚ್ಚು ನ್ಯಾಯವಾದದ್ದೆಂದು ಕಳೆದ ಪತ್ರದಲ್ಲಿ ನೀನು ವಾದಿಸಿದ್ದೆ. ಲೆಕ್ಕದ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಆದರೆ ಸ್ಕಾಟ್ಲೆಂಡಿನ ‘ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್’ ಕ್ಷೇತ್ರ ನೆನಪಾದಾಗಲೆಲ್ಲ ನನ್ನ ಮನಸ್ಸು ಪೂರ್ತಿ ಸಮಾಧಾನಗೊಳ್ಳುವುದಿಲ್ಲ.

1979ರಿಂದ 1999ರವರೆಗೆ ಈ ಕ್ಷೇತ್ರ ಯುರೋಪಿಯನ್ ಸಂಸತ್ತಿಗೆ ಒಬ್ಬ ಸದಸ್ಯರನ್ನು ಆರಿಸಿ ಕಳುಹಿಸುತ್ತಿತ್ತು. ಪಶ್ಚಿಮದ ಆರ್ಗೈಲ್, ಗೇಲಿಕ್ ಮಾತಾಡುವ ಪಶ್ಚಿಮ ದ್ವೀಪಗಳು, ಇನ್ವರ್ನೆಸ್, ಆರ್ಕ್ನಿ, ಷೆಟ್ಲೆಂಡ್ ಎಲ್ಲವೂ ಅದರೊಳಗೇ ಇದ್ದವು. ಷೆಟ್ಲೆಂಡಿನ ಲರ್ವಿಕ್ ಪಟ್ಟಣಕ್ಕೆ ತನ್ನ ರಾಜಧಾನಿ ಎಡಿನ್‌ಬರೊಗಿಂತ ನಾರ್ವೆಯ ಬರ್ಗೆನ್ನೇ ಹತ್ತಿರವೆಂದರೆ ಆ ಹರವು ಎಂಥದ್ದೆಂದು ನಿನಗೆ ಅಂದಾಜಾದೀತು.

ಆ ಇಪ್ಪತ್ತು ವರ್ಷವೂ ಅಲ್ಲಿನ ಪ್ರತಿನಿಧಿಯಾಗಿದ್ದವರು ಸ್ಕಾಟಿಷ್ ನ್ಯಾಷನಲ್ ಪಕ್ಷದ ವಿನಿ ಯೂಯಿಂಗ್ ಒಬ್ಬರೇ. 1979ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲಿ ತಮ್ಮ ಸ್ಥಾನ ಕಳೆದುಕೊಂಡಿದ್ದ ಅವರು, ಮರುತಿಂಗಳೇ ಲಿಬರಲ್ ಪಕ್ಷದ ರಸೆಲ್ ಜಾನ್‌ಸ್ಟನ್ ಅವರನ್ನು ಸೋಲಿಸಿ ಈ ಕ್ಷೇತ್ರವನ್ನು ಗೆದ್ದರು. ಸ್ಕಾಟ್ಲೆಂಡಿನ ಪರವಾಗಿ ಅವರು ಎಷ್ಟು ಪಟ್ಟುಹಿಡಿದು ಮಾತಾಡುತ್ತಿದ್ದರೆಂದರೆ ಅವರಿಗೆ ‘ಮದಾಮ್ ಎಕೋಸ್’, ಅಂದರೆ ಸ್ಕಾಟ್ಲೆಂಡಿನಮ್ಮ, ಎಂಬ ಹೆಸರೇ ಬಿತ್ತು. ಯುರೋಪಿನ ಹಿಂದುಳಿದ ಪ್ರದೇಶಗಳಿಗೆ ಮೀಸಲಾಗಿದ್ದ ‘ಆಬ್ಜೆಕ್ಟಿವ್ 1’ ಎಂಬ ನೆರವು 1994ರಲ್ಲಿ ಈ ಸೀಮೆಗೂ ದೊರೆಯಿತು. ಅದು ಅವರೊಬ್ಬರ ಸಾಧನೆಯೆಂದು ನಾನು ಹೇಳಲಾರೆ. ಆದರೆ ತನ್ನ ಕಷ್ಟವನ್ನು ಯಾರ ಮುಂದೆ ಹೇಳಿಕೊಳ್ಳಬೇಕೆಂಬುದು ಅಲ್ಲಿನ ಮೀನುಗಾರನಿಗೂ ತುಂಡುಭೂಮಿಯ ರೈತನಿಗೂ ಸ್ಪಷ್ಟವಿತ್ತು.

1999ರ ಜೂನ್‌ನಲ್ಲಿ ಇಡೀ ಸ್ಕಾಟ್ಲೆಂಡ್ ಎಂಟು ಸ್ಥಾನಗಳ ಒಂದೇ ಕ್ಷೇತ್ರವಾಯಿತು. ಮತದಾರರು ಪಕ್ಷಗಳ ಪಟ್ಟಿಗೆ ಮತ ಹಾಕಿದರು. ಇಲ್ಲಿ ನಿನ್ನ ವಾದದ ಬಲವನ್ನು ಮುಚ್ಚಿಡುವುದು ಸರಿಯಲ್ಲ. 1994ರಲ್ಲಿ ಅರ್ಧಕ್ಕಿಂತ ಕಡಿಮೆ ಮತ ಪಡೆದ ಲೇಬರ್ ಪಕ್ಷಕ್ಕೆ ಅಲ್ಲಿನ ಎಂಟರಲ್ಲಿ ಆರು ಸ್ಥಾನ ದಕ್ಕಿದ್ದವು. ಕನ್ಸರ್ವೇಟಿವರಿಗೆ ಒಂದೂ ಸಿಕ್ಕಿರಲಿಲ್ಲ. ಹೊಸ ಪದ್ಧತಿಯಲ್ಲಿ ನಾಲ್ಕು ಪಕ್ಷಗಳಿಗೆ ಪಾಲು ದೊರೆಯಿತು. ಮತಗಳ ಎಣಿಕೆ ನೇರವಾಯಿತು, ನಿಜ. ಆದರೆ ಷೆಟ್ಲೆಂಡಿನವರು ‘ನಮ್ಮ ಸದಸ್ಯರು’ ಎಂದು ಒಬ್ಬರ ಹೆಸರು ಹಿಡಿದು ಹೇಳುವಂತಿದ್ದದ್ದು ಅಲ್ಲಿಗೆ ಮುಗಿಯಿತು.

ಯೂಯಿಂಗ್ ಆ ಚುನಾವಣೆಗೆ ನಿಲ್ಲಲಿಲ್ಲ. ಅದೇ ವರ್ಷದ ಮೇ 12ರಂದು, ಹೊಸದಾಗಿ ರಚನೆಯಾದ ಸ್ಕಾಟಿಷ್ ಸಂಸತ್ತಿನ ಅತಿ ಹಿರಿಯ ಸದಸ್ಯೆಯಾಗಿ, ಸ್ಕಾಟ್ಲೆಂಡ್ ಇಂಗ್ಲೆಂಡಿನೊಡನೆ ಒಂದಾದ 1707ರಲ್ಲಿ ಮುಂದೂಡಲಾಗಿದ್ದ ಸಂಸತ್ತು ಮತ್ತೆ ಸೇರಿದೆಯೆಂದು ಅವರು ಘೋಷಿಸಿದರು. ಆ ಸಂಸತ್ತಿಗೆ ಅವರನ್ನು ಕಳುಹಿಸಿದ್ದೂ ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ಪ್ರದೇಶವೇ, ಅದೂ ನೀನು ಮೆಚ್ಚುವ ಪಟ್ಟಿಯ ಮೂಲಕವೇ. ಇದಕ್ಕೆ ನೀನು ಏನು ಹೇಳುತ್ತೀಯೋ ಬರೆದು ತಿಳಿಸು.

ನಿನ್ನ ಗೆಳೆಯ