ಸಹಿ ಹಾಕುವ ಮುಂಚೆ

ಪ್ರೀತಿಯ ಪುಟ್ಟಿ,

ಹೊರದೇಶದ ಮೂರು ಶಾಲೆಗಳಿಂದ ಆಫರ್ ಬಂದಿದೆ ಅಂತ ನೀನು ಫೋನ್ ಮಾಡಿದಾಗ ನನಗೆ ಮಾತೇ ಹೊರಡಲಿಲ್ಲ. ಅಷ್ಟು ಸಂತೋಷ. ಫೋನ್ ಇಟ್ಟ ಮೇಲೆ ಒಂದೊಂದೇ ನೆನಪಾಗತೊಡಗಿತು. ಅದನ್ನು ಕೇಳಲಿಲ್ಲ, ಇದನ್ನು ಹೇಳಲಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ "ಆಯ್ತು ಅತ್ತೆ" ಅಂದುಬಿಡುತ್ತೀಯ. ಕಾಗದವಾದರೆ ಇನ್ನೊಂದು ಸಲ ತೆಗೆದು ಓದಬಹುದು.

ಮೊದಲು ನನ್ನದೇ ಒಂದು ಕಥೆ ಹೇಳುತ್ತೇನೆ. ನಾನು ಮೊದಲ ಸಲ ಹೊರಗೆ ಪಾಠ ಮಾಡಲು ಹೋದಾಗ ಶಾಲೆಯವರು ಫೋನಿನಲ್ಲಿ "ಮನೆ ಕೊಡುತ್ತೇವೆ, ಎಲ್ಲಾ ಸಾಮಾನು ಇರುತ್ತದೆ, ಒಬ್ಬರಿಗೇ ಒಂದು ಮನೆ" ಅಂದಿದ್ದರು. ರಾತ್ರಿ ಹನ್ನೊಂದಕ್ಕೆ ಡ್ರೈವರ್ ಬೀಗದ ಕೈ ಕೊಟ್ಟು ಹೊರಟುಹೋದ. ಬಾಗಿಲು ತೆಗೆದರೆ ಗೋಡೆಗೆ ಒರಗಿಸಿಟ್ಟ ಒಂದು ಹಾಸಿಗೆ. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಒಳಗಿನ ಕೋಣೆಯಲ್ಲಿ ಇನ್ನೊಬ್ಬ ಟೀಚರ್ ಮಲಗಿದ್ದಳು. ಬೆಳಗ್ಗೆ ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಕೋಪ ಮಾಡಿಕೊಳ್ಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ನನ್ನ ಕಾಂಟ್ರಾಕ್ಟನ್ನು ನನ್ನ ಕಡೆ ತಿರುಗಿಸಿ, "ಎಲ್ಲಿದೆ ತೋರಿಸಿ" ಅಂದರು. ಅದರಲ್ಲಿ "ವಸತಿ ಒದಗಿಸಲಾಗುವುದು" ಅಂತ ಮಾತ್ರ ಇತ್ತು. ಒದಗಿಸಿದ್ದರು. ನಾನು ಸುಮ್ಮನೆ ಎದ್ದು ಬಂದೆ.

ಪುಟ್ಟಿ, ಈ ಪತ್ರದಲ್ಲಿ ಮುಂದೆ ಬರೆಯುವುದೆಲ್ಲ ಆ "ಎಲ್ಲಿದೆ ತೋರಿಸಿ" ಅನ್ನುವ ಮಾತಿನಿಂದ ಹುಟ್ಟಿದ್ದು. ಅಲ್ಲಿ ನಿನ್ನ ಪರವಾಗಿ ಮಾತಾಡಲು ನಾವು ಯಾರೂ ಇರುವುದಿಲ್ಲ. ನಿನ್ನ ಕೈಯಲ್ಲಿರುವ ಕಾಗದವೇ ಮಾತಾಡಬೇಕು.

ಹಾಗಾಗಿ ಸಹಿ ಹಾಕುವ ಮುಂಚೆ ಕಾಂಟ್ರಾಕ್ಟನ್ನು ನಿಧಾನವಾಗಿ ಓದು. ಒಟ್ಟು ಸಂಬಳದ ಅಂಕಿ ನೋಡಿ ಮರುಳಾಗಬೇಡ. ಅದರಲ್ಲಿ ಬೇಸಿಕ್ ಎಷ್ಟು, ಅಲವೆನ್ಸ್ ಎಷ್ಟು ಅಂತ ಬಿಡಿಸಿ ಕೇಳು. ಯುಎಇಯ ಆಫರನ್ನೇ ತೆಗೆದುಕೋ. ಅಲ್ಲಿನ ಕಾರ್ಮಿಕ ಕಾನೂನು 2021ರ 33ನೇ ಫೆಡರಲ್ ಡಿಕ್ರಿ, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದು ವರ್ಷವಾದರೂ ಪೂರೈಸಿ ಕೆಲಸ ಬಿಟ್ಟರೆ ಗ್ರಾಚುಟಿ, ಅಂದರೆ ಬಿಡುವಾಗ ಒಟ್ಟಿಗೆ ಕೊಡುವ ಹಣ, ಸಿಗುತ್ತದೆ. ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಆದರೆ ಲೆಕ್ಕ ಬೇಸಿಕ್ ಮೇಲೆ ಮಾತ್ರ. ಇಬ್ಬರು ಟೀಚರ್‌ಗಳಿಗೆ ತಿಂಗಳಿಗೆ ಹತ್ತು ಸಾವಿರ ದಿರ್ಹಮ್ ಬರುತ್ತದೆ ಅಂದುಕೋ. ಒಬ್ಬಳ ಬೇಸಿಕ್ ನಾಲ್ಕು ಸಾವಿರ, ಇನ್ನೊಬ್ಬಳದು ಏಳು ಸಾವಿರ. ಎರಡು ವರ್ಷ ಮುಗಿಸಿ ಇಬ್ಬರೂ ಹೊರಟರೆ ಮೊದಲನೆಯವಳಿಗೆ 5,600 ಸಿಗುತ್ತದೆ, ಎರಡನೆಯವಳಿಗೆ 9,800. ತಿಂಗಳು ತಿಂಗಳು ಕೈಗೆ ಬಂದಿದ್ದು ಒಂದೇ, ಹೋಗುವಾಗ ಸಿಕ್ಕಿದ್ದು ಬೇರೆ. ಸಂಬಳದ ಮಾತಾಡುವಾಗ ಇದನ್ನು ಕೇಳಲು ನಾಚಿಕೆ ಬೇಡ.

ಪ್ರೊಬೇಷನ್ ಎಷ್ಟು ತಿಂಗಳು ಅಂತ ನೋಡು. ಯುಎಇಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ. ಆ ಅವಧಿಯಲ್ಲಿ ಅವರು 14 ದಿನದ ಲಿಖಿತ ನೋಟಿಸ್ ಕೊಟ್ಟು ನಿನ್ನನ್ನು ತೆಗೆಯಬಹುದು. ನೀನು ಅಲ್ಲೇ ಬೇರೆ ಶಾಲೆಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ದೇಶವನ್ನೇ ಬಿಟ್ಟು ಬರುವುದಾದರೆ 14 ದಿನ. ಇಂಥದ್ದು ಪ್ರತಿ ದೇಶದಲ್ಲೂ ಇರುತ್ತದೆ, ಅಂಕಿ ಮಾತ್ರ ಬೇರೆ. ಕಾಂಟ್ರಾಕ್ಟ್ ಎಷ್ಟು ತಿಂಗಳದ್ದು ಅನ್ನುವುದನ್ನೂ ಎಣಿಸು. ದಕ್ಷಿಣ ಕೊರಿಯಾದಲ್ಲಿ ಒಂದು ವರ್ಷ ಪೂರ್ತಿ ದುಡಿದವರಿಗೆ ಬಿಡುವಾಗ ಒಂದು ತಿಂಗಳ ಸಂಬಳದಷ್ಟು ಹಣ ಕೊಡಬೇಕು ಅಂತ ಕಾನೂನಿದೆ. ಅಲ್ಲಿ ಯಾರಾದರೂ 11 ತಿಂಗಳ ಕಾಂಟ್ರಾಕ್ಟ್ ಕೊಟ್ಟರೆ ಆ ಕೊನೆಯ ಒಂದು ತಿಂಗಳು ಯಾಕಿಲ್ಲ ಅಂತ ನಿನಗೆ ಈಗ ಗೊತ್ತಾಗುತ್ತದೆ.

ವಾರಕ್ಕೆ ಎಷ್ಟು ಪೀರಿಯಡ್, ಒಂದು ಪೀರಿಯಡ್ ಎಷ್ಟು ನಿಮಿಷ, ರಜೆಯ ತಿಂಗಳುಗಳಲ್ಲಿ ಸಂಬಳ ಉಂಟೋ ಇಲ್ಲವೋ, ಶನಿವಾರದ ಮೀಟಿಂಗ್ ಕೆಲಸದ ಲೆಕ್ಕಕ್ಕೆ ಬರುತ್ತದೋ, ವಿಮಾನದ ಟಿಕೆಟ್ ಹೋಗುವುದಕ್ಕೆ ಮಾತ್ರವೋ ಬರುವುದಕ್ಕೂ ಸೇರಿಯೋ, ಮಧ್ಯದಲ್ಲಿ ಬಿಟ್ಟರೆ ದಂಡ ಕಟ್ಟಬೇಕೋ. ಇದೆಲ್ಲ ಕಾಂಟ್ರಾಕ್ಟಿನಲ್ಲಿ ಇರಬೇಕು. ಫೋನಿನಲ್ಲಿ ಮಾತಾಡಿದ ಪ್ರತಿ ಸಲವೂ ಅದೇ ದಿನ ಒಂದು ಇಮೇಲ್ ಬರೆದು, "ನೀವು ಹೇಳಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ಸರಿಯಾ?" ಅಂತ ಕೇಳು. ಉತ್ತರ ಬಂದರೆ ಪ್ರಿಂಟ್ ತೆಗೆದು ಇಟ್ಟುಕೋ. ಕಾಂಟ್ರಾಕ್ಟ್ ಎರಡು ಭಾಷೆಯಲ್ಲಿದ್ದರೆ, ವಿವಾದ ಬಂದಾಗ ಸಾಮಾನ್ಯವಾಗಿ ನಡೆಯುವುದು ಆ ದೇಶದ ಭಾಷೆಯ ಪ್ರತಿ. ಯುಎಇಯಲ್ಲಿ ಅರೇಬಿಕ್ ಪ್ರತಿ. ಆ ಭಾಷೆ ಬಲ್ಲವರಿಗೆ ದುಡ್ಡು ಕೊಟ್ಟಾದರೂ ಒಂದು ಸಲ ಓದಿಸು. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡ.

ಇನ್ನು ವೀಸಾ. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. "ಈಗ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿಗೆ ಬಂದ ಮೇಲೆ ನಾವು ಬದಲಾಯಿಸಿ ಕೊಡುತ್ತೇವೆ, ಅಷ್ಟರಲ್ಲಿ ಕ್ಲಾಸ್ ಶುರು ಮಾಡಿ" ಅಂತ ಯಾವ ಶಾಲೆ ಹೇಳಿದರೂ ಹೋಗಬೇಡ. ಸಿಕ್ಕಿಬಿದ್ದರೆ ನಷ್ಟ ನಿನ್ನದು. ಚೀನಾದಲ್ಲಿ ಕೆಲಸಕ್ಕೆ ಹೋಗುವವರು ಝಡ್ ವೀಸಾದಲ್ಲಿ ಹೋಗಬೇಕು. ಒಳಗೆ ಕಾಲಿಟ್ಟ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಹೋಟೆಲ್ ಬಿಟ್ಟು ಮನೆಯಲ್ಲಿ ಇಳಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು. ಕೆಲಸದ ಪರ್ಮಿಟ್ ಇಲ್ಲದೆ ಪಾಠ ಮಾಡಿದರೆ 5,000ದಿಂದ 20,000 ಯುವಾನ್ ದಂಡ. ತಪ್ಪು ದೊಡ್ಡದಾದರೆ 5ರಿಂದ 15 ದಿನ ಬಂಧನವೂ ಇದೆ.

ಪರ್ಮಿಟ್ ಸಿಕ್ಕ ಮೇಲೂ ಒಂದು ಎಚ್ಚರ ಬೇಕು. ಬಹಳ ಕಡೆ ಅದು ನಿನ್ನ ಹೆಸರಿನ ಜೊತೆಗೆ ಶಾಲೆಯ ಹೆಸರಿಗೂ ಕಟ್ಟಿರುತ್ತದೆ. ಅನುಮತಿ ಇಲ್ಲದೆ ಸಂಜೆ ಇನ್ನೊಂದು ಕಡೆ ಟ್ಯೂಷನ್ ಹೇಳಿದರೆ ಅದೂ ಕಾನೂನು ಮೀರಿದ ಹಾಗೆ. ಜಪಾನ್‌ನಲ್ಲಂತೂ ಸರ್ಕಾರಿ ಶಾಲೆಯಲ್ಲಿ ಕಲಿಸುವವರ ವೀಸಾ ಬೇರೆ, ಖಾಸಗಿ ಭಾಷಾ ಶಾಲೆಯವರದು ಬೇರೆ. ಆಚೆ ಕೆಲಸ ಮಾಡಬೇಕೆಂದರೆ ಮೊದಲು ಇಮಿಗ್ರೇಷನ್‌ನಿಂದ ಅನುಮತಿ ಪಡೆಯಬೇಕು. ಶಾಲೆಯೇ ಮುಚ್ಚಿಹೋದರೆ? 2021ರ ಜುಲೈನಲ್ಲಿ ಚೀನಾ ಶಾಲೆಯ ಹೊರಗಿನ ಟ್ಯೂಷನ್ ವ್ಯಾಪಾರವನ್ನು ಬಿಗಿ ಮಾಡಿದಾಗ ದೊಡ್ಡ ದೊಡ್ಡ ಕೋಚಿಂಗ್ ಕಂಪನಿಗಳೇ ಬಾಗಿಲು ಹಾಕಿದವು. ಅಲ್ಲಿ ಕಲಿಸುತ್ತಿದ್ದವರಿಗೆ ಕೆಲಸದ ಜೊತೆ ವೀಸಾದ ಚಿಂತೆಯೂ ಬಂತು. ಅದಕ್ಕೇ ಹೇಳುವುದು, ಕೆಲಸ ಹೋದರೆ ಎಷ್ಟು ದಿನ ಅಲ್ಲಿ ಉಳಿಯಬಹುದು, ಬೇರೆ ಶಾಲೆಗೆ ವರ್ಗಾಯಿಸಿಕೊಳ್ಳಲು ಹಳೆಯ ಶಾಲೆಯ ಪತ್ರ ಬೇಕೋ ಅಂತ ಈಗಲೇ ತಿಳಿದುಕೋ.

ಕಾಗದಪತ್ರದ ಕೆಲಸ ನಾಳೆಯೇ ಶುರು ಮಾಡು. ಅದು ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ. ಡಿಗ್ರಿ ಸರ್ಟಿಫಿಕೇಟು, ಅಂಕಪಟ್ಟಿ, ಟೀಚರ್ ಟ್ರೈನಿಂಗ್ ಸರ್ಟಿಫಿಕೇಟು, ಅನುಭವದ ಪತ್ರ, ಪೊಲೀಸ್ ಕ್ಲಿಯರೆನ್ಸ್. ಇವನ್ನು ಬೇರೆ ದೇಶ ಒಪ್ಪಬೇಕಾದರೆ ಅಪೋಸ್ಟಿಲ್ ಬೇಕು, ಅಂದರೆ ಈ ಕಾಗದ ಅಸಲಿ ಅಂತ ನಮ್ಮ ಸರ್ಕಾರ ಹಾಕುವ ಮುದ್ರೆ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಸಾಮಾನ್ಯವಾಗಿ ಆ ಒಂದೇ ಮುದ್ರೆ ಸಾಕು. ಸೇರದ ದೇಶಕ್ಕೆ ಹೋಗುವುದಾದರೆ ಅವರ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇರೆ ಆಗಬೇಕು. ಸೌದಿ ಅರೇಬಿಯಾ ಈ ಒಪ್ಪಂದದೊಳಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ, ಚೀನಾ 2023ರ ನವೆಂಬರ್ 7ರಂದು, ಕೆನಡಾ 2024ರ ಜನವರಿಯಲ್ಲಿ. ನಾಲ್ಕೈದು ವರ್ಷದ ಹಿಂದೆ ಹೋದ ಗೆಳತಿ ಹೇಳಿದ ದಾರಿ ಈಗ ಬದಲಾಗಿರಬಹುದು, ಅಲ್ವಾ? ಆ ದೇಶದ ರಾಯಭಾರ ಕಚೇರಿಯನ್ನೇ ಕೇಳು.

ಹೆಸರು ಮರೆಯಬೇಡ. ನಿನ್ನ ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿದ್ದಾರೆ. ನಮಗೆ ಅದು ಒಂದೇ ಹೆಸರು. ಕೌಂಟರಿನ ಆಚೆ ಕುಳಿತವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ನನಗೆ ಒಂದು ಅಕ್ಷರದ ವ್ಯತ್ಯಾಸಕ್ಕೆ ಆರು ವಾರ ಹೋಯಿತು. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಮಾಡಿಸಿ ಜೊತೆಗಿಡು. ಪೊಲೀಸ್ ಕ್ಲಿಯರೆನ್ಸನ್ನು ಮಾತ್ರ ತೀರಾ ಬೇಗ ತೆಗೆಸಬೇಡ. ಕೆಲವೇ ತಿಂಗಳ ಹಿಂದಿನದಾಗಿರಬೇಕು ಅಂತ ಬಹಳ ಕಡೆ ಕೇಳುತ್ತಾರೆ. ಮಕ್ಕಳ ಜೊತೆಗಿನ ಕೆಲಸ, ಅವರು ಅಷ್ಟು ನೋಡುವುದು ಸರಿಯೇ.

ಏಜೆಂಟ್ ಒಬ್ಬರು ನಿನ್ನಿಂದ "ಪ್ಲೇಸ್‌ಮೆಂಟ್ ಫೀ" ಕೇಳಿದ್ದಾರೆ ಅಂದೆಯಲ್ಲ, ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ದುಡಿಯಲು ಹೋಗುವವರಿಂದ ಏಜೆನ್ಸಿಗಳು ದುಡ್ಡು ವಸೂಲಿ ಮಾಡಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದದಲ್ಲೇ ಇದೆ. ಯುಎಇ ಕಾನೂನು ಕೂಡ ನೇಮಕಾತಿಯ ಖರ್ಚನ್ನು ಕೆಲಸ ಕೊಡುವವರ ಮೇಲೇ ಹಾಕುತ್ತದೆ. ನೀನು ಶಾಲೆಗೆ ನೇರವಾಗಿ ಫೋನ್ ಮಾಡು. ಏಜೆಂಟ್ ಕೊಟ್ಟ ನಂಬರಿಗೆ ಬೇಡ, ನೀನೇ ಹುಡುಕಿದ ನಂಬರಿಗೆ. ಈ ಹುದ್ದೆ ಖಾಲಿ ಇದೆಯಾ, ಈ ಏಜೆಂಟ್ ನಿಮ್ಮವರೇನಾ ಅಂತ ಕೇಳು. ಈಗ ಅಲ್ಲಿ ಕಲಿಸುತ್ತಿರುವ ಒಬ್ಬ ಟೀಚರ್ ಜೊತೆ ಮಾತಾಡಿಸಿ ಅನ್ನು. ಒಳ್ಳೆಯ ಶಾಲೆ ಖುಷಿಯಿಂದ ಮಾತಾಡಿಸುತ್ತದೆ. ಆ ಟೀಚರ್‌ಗೆ ಒಂದೇ ಪ್ರಶ್ನೆ ಹಾಕು: "ಕಳೆದ ವರ್ಷ ಎಷ್ಟು ಜನ ಮಧ್ಯದಲ್ಲಿ ಬಿಟ್ಟು ಹೋದರು?" ಉತ್ತರಕ್ಕಿಂತ ಉತ್ತರ ಬರುವ ಮುಂಚಿನ ಮೌನವನ್ನು ಗಮನಿಸು.

ಪಾಸ್‌ಪೋರ್ಟ್ ವಿಷಯ. ನನ್ನ ಎರಡನೇ ಶಾಲೆಯಲ್ಲಿ ಮೊದಲ ದಿನವೇ "ವೀಸಾ ಸ್ಟಾಂಪಿಂಗ್‌ಗೆ" ಅಂತ ಎಲ್ಲರ ಪಾಸ್‌ಪೋರ್ಟ್ ತೆಗೆದುಕೊಂಡರು. ಎರಡು ತಿಂಗಳಾದ ಮೇಲೆ ನೋಡಿದರೆ ಎಲ್ಲವೂ ಒಂದು ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಬಿದ್ದಿದ್ದವು. ನನ್ನದರ ಮೂಲೆ ಮಡಚಿಹೋಗಿತ್ತು. ಸ್ಟಾಂಪಿಂಗ್ ಆಗಿ ಐದು ವಾರವಾಗಿತ್ತು. "ಸೇಫ್ ಆಗಿರಲಿ ಅಂತ ಇಟ್ಟಿದ್ದೇವೆ" ಅಂದರು. ನಾನು ನಿಂತಲ್ಲೇ ನಿಂತು, ಕೊಡುವವರೆಗೂ ಕದಲಲಿಲ್ಲ. ಗುರುತಿನ ಕಾಗದ ಹಿಡಿದಿಟ್ಟುಕೊಳ್ಳುವುದು ಬಲವಂತದ ದುಡಿಮೆಯ ಲಕ್ಷಣಗಳಲ್ಲಿ ಒಂದು ಅಂತ ಅದೇ ಕಾರ್ಮಿಕ ಸಂಸ್ಥೆ ಪಟ್ಟಿ ಮಾಡಿದೆ. ಯುಎಇಯಲ್ಲೂ ಅದಕ್ಕೆ ಕಾನೂನಿನ ತಡೆಯಿದೆ. ಸ್ಟಾಂಪಿಂಗ್‌ಗೆ ಕೊಡಲೇಬೇಕಾಗುತ್ತದೆ, ಕೊಡು. ಆದರೆ ಕೊಟ್ಟ ತಾರೀಖು, ವಾಪಸು ಕೊಡುವ ತಾರೀಖು ಬರೆದ ರಸೀದಿ ಪಡೆದುಕೋ. ಎಲ್ಲ ಪುಟದ ಸ್ಕ್ಯಾನ್ ನಿನ್ನ ಇಮೇಲಿನಲ್ಲಿರಲಿ, ಒಂದು ಪ್ರತಿ ನಮ್ಮ ಮನೆಯಲ್ಲಿರಲಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೊದಲ ಸಂಬಳ ಬರುವುದು ತಡವಾಗುತ್ತದೆ. ಬ್ಯಾಂಕ್ ಖಾತೆಗೆ ಪರ್ಮಿಟ್ ಬೇಕು, ಪರ್ಮಿಟ್‌ಗೆ ವಿಳಾಸ ಬೇಕು, ಬಾಡಿಗೆ ಮನೆಗೆ ಮುಂಗಡ ಬೇಕು. ಎರಡು ಮೂರು ತಿಂಗಳ ಖರ್ಚಿಗಾಗುವಷ್ಟು ಹಣ ಇಲ್ಲದೆ ಹೊರಡಬೇಡ. ಕಡಿಮೆ ಬಿದ್ದರೆ ನನ್ನನ್ನು ಕೇಳು, ಸಂಕೋಚ ಬೇಡ. ತೆರಿಗೆ ಎರಡು ಕಡೆಯೂ ಕಟ್ಟಬೇಕಾದೀತೋ ಅಂತ ತಿಳಿದವರ ಹತ್ತಿರ ಒಂದು ಗಂಟೆ ಕೂತು ಕೇಳು. ಎರಡು ದೇಶಗಳ ತೆರಿಗೆ ಒಪ್ಪಂದಗಳಲ್ಲಿ ಕೆಲವೊಮ್ಮೆ ಶಿಕ್ಷಕರಿಗೆಂದೇ ಒಂದು ಕಲಮು ಇರುತ್ತದೆ. ಜಪಾನ್‌ಗೆ ಹೋದರೆ ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಭಾಗ ದೇಶ ಬಿಟ್ಟ ಮೇಲೆ ವಾಪಸು ಸಿಗುತ್ತದೆ. ಕನಿಷ್ಠ ಆರು ತಿಂಗಳು ಕಟ್ಟಿರಬೇಕು, ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಆರೋಗ್ಯ ವಿಮೆ ಯಾವ ದಿನದಿಂದ ಶುರು ಅಂತ ಕೇಳು. ಪರ್ಮಿಟ್ ಬಂದ ಮೇಲೆ ಅಂದರೆ, ಅಲ್ಲಿಯವರೆಗೆ ನೀನೇ ಒಂದು ವಿಮೆ ಮಾಡಿಸಿಕೊಂಡು ಹೋಗು.

ಕ್ಲಾಸಿನೊಳಗಿನ ಮಾತು ಒಂದಿದೆ. ನೀನು ಮಕ್ಕಳನ್ನು ಪ್ರೀತಿಸುವವಳು, ನನಗೆ ಗೊತ್ತು. ಆದರೂ ಕೋಪ ಬಂದಾಗ ಕಿವಿ ಹಿಂಡುವುದು, ತಲೆಗೆ ಮೊಟಕುವುದು ನಾವು ಓದಿದ ಕಾಲದ ಅಭ್ಯಾಸ, ಕೈ ಎಲ್ಲೋ ಕಲಿತುಬಿಟ್ಟಿರುತ್ತದೆ. ಜಪಾನ್‌ನಲ್ಲಿ 1947ರ ಶಾಲಾ ಶಿಕ್ಷಣ ಕಾನೂನೇ ಹೊಡೆಯಬಾರದು ಅಂತ ಹೇಳಿದೆ. ಅಲ್ಲಿ ಒಂದು ಮೊಟಕಿಗೆ ಕೆಲಸ ಹೋಗಬಹುದು. ಮಕ್ಕಳ ಫೋಟೋ ಫೋನಿನಲ್ಲಿ ತೆಗೆದು ನಮಗೂ ಕಳಿಸಬೇಡ. ನಿನ್ನ ಮಕ್ಕಳು ಹೇಗಿದ್ದಾರೆ ಅಂತ ಬರೆದು ತಿಳಿಸು, ಸಾಕು.

ಕಾಂಟ್ರಾಕ್ಟ್ ಬಂದ ತಕ್ಷಣ ನನಗೊಂದು ಪ್ರತಿ ಕಳಿಸು. ಪೆನ್ಸಿಲ್ ಹಿಡಿದು ಓದುತ್ತೇನೆ. ಭಾನುವಾರ ಇಬ್ಬರೂ ಕೂತು ಗುರುತು ಹಾಕಿದ್ದನ್ನೆಲ್ಲ ಶಾಲೆಗೆ ಬರೆದು ಕೇಳೋಣ. ಅವರ ಉತ್ತರ ಬರುವವರೆಗೆ ಸಹಿ ಬೇಡ, ಟಿಕೆಟ್ಟೂ ಬೇಡ.

ಇಂತಿ ನಿನ್ನ ಪ್ರೀತಿಯ
ಅತ್ತೆ

ಮರೆತಿದ್ದೆ. ನಿನ್ನ ನೆಗಡಿ ಮಾತ್ರೆಗಳನ್ನು ಹಾಗೇ ಪೆಟ್ಟಿಗೆಗೆ ತುಂಬಬೇಡ. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಜಾಸ್ತಿ ಇರುವ ಔಷಧಿಯನ್ನು ಜಪಾನ್ ಒಳಗೆ ಬಿಡುವುದಿಲ್ಲ. ಯುಎಇಯಲ್ಲಿ ಕೋಡೀನ್, ಟ್ರಮಡಾಲ್ ಇರುವ ಕೆಮ್ಮು-ನೋವಿನ ಔಷಧಿಗೆ ಮುಂಚೆಯೇ ಅನುಮತಿ ಬೇಕು. ಮನೆಯಲ್ಲಿರುವ ಮಾತ್ರೆಗಳ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಡಾಕ್ಟರ್‌ಗೆ ತೋರಿಸು. ಅವರ ಚೀಟಿ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ.