ಕಾಳು ಹಾಕಿ ಅಂತೀರ, ಸಂಜೆ ತಟ್ಟೆ ಎತ್ತಿಡಿ ಅಂತಾನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಮಾರ್ಚ್ 20 ಬಂತು ಅಂದ್ರೆ ಗುಬ್ಬಚ್ಚಿ ದಿನ ಅಂತ ಪೇಪರಲ್ಲಿ ಫೋಟೊ ಬರುತ್ತೆ, ಹಿತ್ತಲಲ್ಲಿ ಕಾಳು ಹಾಕಿ ನೀರಿಡಿ ಅಂತ. ಒಳ್ಳೇದೇ, ನಾನೂ ಹಂಗೆ ಓದೇ ಶುರು ಮಾಡಿದವನು. ಆದ್ರೆ ಕತ್ತಲಾದ ಮೇಲೆ ಆ ತಟ್ಟೆಗೆ ಯಾರು ಬರ್ತಾರೆ ಅಂತ ಯಾರೂ ಬರೆಯಲ್ಲ.

ನಮ್ಮದು ಮೈಸೂರಲ್ಲಿ ಹಳೇ ಮನೆ. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣಿನ ತಟ್ಟೆ ಇಟ್ಟು ದಿನಾ ಎರಡು ಹಿಡಿ ನವಣೆ, ಅಕ್ಕಿ ನುಚ್ಚು ಹಾಕ್ತಿದ್ದೆ. ತಿಂಗಳೊಳಗೆ ಸಂಪಿನ ಪಕ್ಕ ಹಸಿ ಮಣ್ಣಿನ ಗುಡ್ಡೆ, ಮುಷ್ಟಿ ಹೋಗೋವಷ್ಟು ಬಿಲ. ಒಂದು ರಾತ್ರಿ ಟಾರ್ಚ್ ಬಿಟ್ಟು ನೋಡಿದ್ರೆ ಹೆಗ್ಗಣ ತಟ್ಟೆ ಒಳಗೇ ಕೂತು ಆರಾಮಾಗಿ ಊಟ ಮಾಡ್ತಿದೆ, ಬೆಳಕು ಬಿದ್ರೂ ಏಳ್ಲಿಲ್ಲ ಮಹರಾಯ. ಪಕ್ಕದ ಮನೆಯವರು ಸಿಟ್ಟಿಗೆದ್ದು ಇಲಿ ಪಾಷಾಣ ಇಟ್ರು, ಮೂರನೇ ದಿನ ಸತ್ತು ಬಿದ್ದಿದ್ದು ಬೀದಿ ಬೆಕ್ಕು. ವಿಷ ತಿಂದ ಇಲೀನ ತಿಂದ್ರೆ ಬೆಕ್ಕಿಗೂ ಗೂಬೆಗೂ ಅದೇ ಗತಿ. ಇಲಿ ಹಿಡಿಯೋವನ್ನೇ ಕೊಂದು ಇಲಿ ಕಮ್ಮಿ ಮಾಡೋದು ಯಾವ ಲೆಕ್ಕಾನೋ!

ಹದಿನೈದು ದಿನ ಕಾಳು ಪೂರ್ತಿ ನಿಲ್ಲಿಸ್ದೆ, ಬಿಲಕ್ಕೆ ಗಾಜಿನ ಚೂರು ಸಿಮೆಂಟು ತುಂಬಿಸ್ದೆ. ಆಮೇಲೆ ಐದೂವರೆ ಅಡಿ ಜಿಐ ಪೈಪ್ ನಿಲ್ಲಿಸಿ ಅದರ ತುದೀಲಿ ತಟ್ಟೆ, ಗೋಡೆ ಕೊಂಬೆ ಯಾವುದೂ ಎಂಟಡಿ ಒಳಗೆ ಇಲ್ಲದ ಹಾಗೆ, ಯಾಕಂದ್ರೆ ಹೆಗ್ಗಣ ನೆಲ ಕೊರೆಯೋ ಗಿರಾಕಿ ಆದ್ರೂ ಮನೆ ಇಲಿ ಹತ್ತೋದ್ರಲ್ಲಿ ನೆಗೆಯೋದ್ರಲ್ಲಿ ಎತ್ತಿದ ಕೈ. ತೆಂಗಿನ ತೋಟದವರು ಮರಕ್ಕೆ ತಗಡು ಸುತ್ತಿರೋದು ನೋಡಿರ್ತೀರ, ಇಲಿ ಉಗುರಿಗೆ ಹಿಡಿತ ಸಿಗದೆ ಜಾರುತ್ತೆ. ಪೈಪ್ ಸಣ್ಣದು, ತಬ್ಬಿಕೊಂಡು ಹತ್ತಿಬಿಡುತ್ತೆ ಅಂತ ನಾನು ಹಳೇ ಅಲ್ಯೂಮಿನಿಯಂ ಬೇಸನ್ನಿಗೆ ತೂತು ಹೊಡೆಸಿ, ತಟ್ಟೆ ಕೆಳಗೆ ಛತ್ರಿ ಥರ ಕವುಚಿ ಹಾಕಿಸ್ದೆ. ನಮ್ಮನೆಯವಳು ಇದೇನ್ರೀ ಹಿತ್ತಲಲ್ಲಿ ಗಡಿಗೆ ಬೆದರುಬೊಂಬೆ ಅಂದ್ಲು, ಅನ್ಲಿ ಬಿಡಿ.

ಮೆಣಸಿನ ಪುಡಿ ಬೆರೆಸೋದೂ ಕೇಳಿದ್ದೆ. ಹಕ್ಕಿಗಳಿಗೆ ಖಾರ ಹತ್ತಲ್ಲ, ಇಲಿಗೆ ಹತ್ತುತ್ತೆ, ಅದು ನಿಜ. ಆದ್ರೆ ಬ್ಯಾಡಗಿ ಹಾಕಿದ್ರೆ ಬಣ್ಣ ಬಂತೇ ಹೊರತು ಖಾರ ಇಲ್ಲ, ಗುಂಟೂರು ಹಾಕಿದ್ರೆ ಗಾಳಿಗೆ ನನ್ನ ಕಣ್ಣೇ ಉರೀತು. ಬಿಟ್ಟೆ.

ಇಷ್ಟೆಲ್ಲ ಮಾಡಿದ್ರೂ ಗುಬ್ಬಿ ಚೆಲ್ಲಿದ್ದು ನೆಲಕ್ಕೇ ಬೀಳೋದು, ಪ್ಯಾಕೆಟ್ ಕಾಳಲ್ಲಂತೂ ನವಣೆ ಆರಿಸ್ಕೊಂಡು ಮಿಕ್ಕಿದ್ದೆಲ್ಲ ಒದ್ದು ಕೆಳಗೆ. ಹಂಗಾಗಿ ಈಗ ಬೆಳಗ್ಗೆ ಒಂದೇ ಹಿಡಿ, ಅದೂ ಬರೀ ನವಣೆ. ಸಂಜೆ ಆರಕ್ಕೆ ಮೊದ್ಲು ನೆಲ ಗುಡಿಸಿ ತಟ್ಟೆ ಒಳಗೆ, ಕಾಳಿನ ಡಬ್ಬ ತಗಡಿಂದು, ನೀರಿನ ಬಟ್ಟಲು ಬೋರಲು. ಇಲಿ ಉಚ್ಚೆ ಸೇರಿದ ನೀರು, ಕೆಸರಿಂದ ಇಲಿ ಜ್ವರ ಬರುತ್ತೆ, ಮಕ್ಕಳು ಬರಿಗಾಲಲ್ಲಿ ಓಡಾಡೋ ಜಾಗ ಅದು.

ನೀವು ಮುಂದಿನ ಮಾರ್ಚಲ್ಲಿ ಆ ಬಟ್ಟಲಿನ ಫೋಟೊ ಹಾಕುವಾಗ ಕೆಳಗೆ ಒಂದೇ ಒಂದು ಸಾಲು, ಸಂಜೆ ತಟ್ಟೆ ಎತ್ತಿಡಿ ಅಂತ ಸೇರಿಸಿದ್ರೆ ನಮ್ಮ ಬೀದಿಯವರಾದ್ರೂ ಓದ್ತಾರೆ, ನಾನು ಹೇಳಿದ್ರೆ ಕೇಳ್ತಿಲ್ಲ.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು