ಆದಿತ್ಯವಾರ ಬೇಕಲಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಜಲವರ್ಣದಲ್ಲಿ ಕೋಟೆಯ ಚಿತ್ರ ಬರೆಯಲು ಆದಿತ್ಯವಾರ ಬೆಳಿಗ್ಗೆ 8.30ಕ್ಕೆ ಬೇಕಲ ಕೋಟೆಯ ಬಾಗಿಲ ಹತ್ತಿರ ಸೇರುವುದು. ಟಿಕೆಟ್ ಅವರವರದ್ದು.

ಕಳೆದ ಸಲ ಹಲವರ ಚಿತ್ರದಲ್ಲಿ ಕೋಟೆ ಇಟ್ಟಿಗೆ ಗೂಡಿನ ಹಾಗೆ ಕಂಡಿತು, ಬೇಸರ ಮಾಡ್ಬೇಡಿ. ಕೋಟೆಯ ಮುರಕಲ್ಲಿಗೆ, ಅಂದರೆ ತೂತು ತೂತಾದ ಆ ಕೆಂಪು ಕಲ್ಲಿಗೆ, ಬರೀ ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಸಾಲದು. ಮೊದಲು ಯೆಲ್ಲೋ ಓಕರ್‌ನ (ಮಣ್ಣಿನ ಹಳದಿ) ತೆಳು ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಪದರ. ಅದು ಹಸಿ ಇರುವಾಗಲೇ ಸಿಯೆನ್ನಾ ಬಿಡಿ. ಮಳೆಗೆ ಕಪ್ಪಾದ ಕಡೆ ಸಿಯೆನ್ನಾಕ್ಕೇ ಅಲ್ಟ್ರಾಮರೀನ್ ನೀಲಿ ಬೆರೆಸಿ, ಕಪ್ಪು ಟ್ಯೂಬ್ ಮುಟ್ಟಬೇಡಿ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ತಗ್ಗಿನಲ್ಲಿ ಕೂತರೆ ಕಲ್ಲಿನ ತೂತುಗಳು ತಾವಾಗಿಯೇ ಬರುತ್ತವೆ. ಕಾಗದ 300 ಜಿ.ಎಸ್.ಎಂ.ನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪದ್ದು ಇರಲಿ, ತೆಳುವಾದದ್ದು ಹಪ್ಪಳದ ಹಾಗೆ ಸುರುಟುತ್ತದೆ. ಕಡಲ ಗಾಳಿಗೆ ವಾಶ್ ಬೇಗ ಆರುವುದಿಲ್ಲ, ಅವಸರ ಬೇಡ.

ದುಡ್ಡಿಗೆ ಚಿತ್ರ ಬರೆದುಕೊಡುವ ಆರ್ಡರ್ ಹಿಡಿಯುವವರಿಗೆ ಒಂದು ಮಾತು. ಮೊನ್ನೆ ಒಬ್ಬರ ತರವಾಡು ಮನೆಯ (ಹಿರಿಯರ ಕುಟುಂಬದ ಮನೆ) ಚಿತ್ರವನ್ನು ಮುಂಗಡ ಇಲ್ಲದೆ ಬರೆದುಕೊಟ್ಟೆ. ಎಲ್ಲ ಮುಗಿದ ಮೇಲೆ, “ಜಗಲಿಯಲ್ಲಿ ಅಜ್ಜನನ್ನೂ ಕೂರಿಸಿ” ಅಂದರು. ಜಲವರ್ಣದಲ್ಲಿ ಬಿಳಿ ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ ಮಾರಾಯ್ರೇ! ಕಂದು ನೆರಳಿನ ಮೇಲೆ ಬಿಳಿ ಮುಂಡು ಉಟ್ಟ ಅಜ್ಜನನ್ನು ಎಲ್ಲಿಂದ ತರಲಿ? ಗೌಶ್ (ಕೆಳಗಿನದನ್ನು ಮುಚ್ಚುವ ದಪ್ಪ ಬಣ್ಣ) ಹಚ್ಚಿ ನೋಡಿದೆ, ಸುಣ್ಣ ಬಳಿದ ಹಾಗಾಯಿತು. ಕೊನೆಗೆ ಇಡೀ ಚಿತ್ರ ಇನ್ನೊಮ್ಮೆ ಬರೆದೆ, ಅದೇ ದುಡ್ಡಿಗೆ. ಈಗ ನಾನು ಅರ್ಧ ಹಣ ಕೈಗೆ ಬಂದು, ಪೆನ್ಸಿಲ್ ಸ್ಕೆಚ್ ಒಪ್ಪಿದ ಮೇಲೆಯೇ ಕುಂಚ ಹಿಡಿಯುವುದು.

ಕೊಡೆ, ಕುಡಿಯುವ ನೀರು ತನ್ನಿ. ಕುಂಚ ತೊಳೆಯುವ ನೀರು ಬೇರೆ ಬಾಟಲಿಯಲ್ಲಿ, ಕಳೆದ ಸಲ ಒಬ್ಬರು ಅದನ್ನೇ ಕುಡಿದಿದ್ದಾರೆ.